ಹಿಂಡಿನ ಹಿಂದೆ ಹದಿನಾಲ್ಕು ದಿನ

ಮೂವತ್ತಮೂರು ವರ್ಷದ ನೌಕರಿಯಲ್ಲಿ ಮಡಿವಾಳೆಪ್ಪ ಅತಿ ಹೆಚ್ಚು ಸಲ ಆಡಿದ ಮಾತು ಒಂದೇ: ‘ಮನ್ಯಾಗ ಯಾರಿಗರೆ ಜ್ವರ ಬಂದಾವೇನ್ರಿ?’

ನವಲಗುಂದ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವನು ಆರೋಗ್ಯ ನಿರೀಕ್ಷಕ. ಏಳು ಹಳ್ಳಿ ಅವನ ಪಾಲಿಗಿದ್ದವು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಹೊಸ್ತಿಲಿಗೆ ಹೋಗಿ ಇದೇ ಮಾತು ಕೇಳಬೇಕು. ಜ್ವರ ಇದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತದ ಹನಿ ಹಚ್ಚಬೇಕು. ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ನಡೆಯಬೇಕು. ನೌಕರಿಗೆ ಸೇರಿದ ಹೊಸತರಲ್ಲಿ ಈ ಮಾತಿಗೆ ಉತ್ತರ ಬರುತ್ತಿತ್ತು. ಒಳಗಿನಿಂದ ನರಳುವ ಸದ್ದು ಕೇಳುತ್ತಿತ್ತು, ಬೇಸಿಗೆಯ ಮಧ್ಯಾಹ್ನದಲ್ಲೂ ಎರಡು ಕಂಬಳಿ ಹೊದ್ದು ಗಡಗಡ ನಡುಗುವವರು ಸಿಗುತ್ತಿದ್ದರು. ಆಗ ಅವನ ಚೀಲದಲ್ಲಿ ದಿನಕ್ಕೆ ನಲವತ್ತು ಗಾಜಿನ ಪಟ್ಟಿ ತುಂಬುತ್ತಿದ್ದವು. ಪ್ರಯೋಗಾಲಯದವರು ಅದರಲ್ಲಿ ಐದಾರಕ್ಕೆ ಕೆಂಪು ಶಾಯಿಯ ಗುರುತು ಹಾಕಿ ಕಳಿಸುತ್ತಿದ್ದರು.

ವರ್ಷ ಕಳೆದಂತೆ ಕೆಂಪು ಶಾಯಿ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಆದರೆ ಕೇಳುವುದು ನಿಲ್ಲಲಿಲ್ಲ. ಈಗ ಹೊಸ್ತಿಲಲ್ಲಿ ನಿಂತು ಕೇಳಿದರೆ ಒಳಗಿನಿಂದಲೇ, ‘ಇಲ್ರಿ, ಮುಂದಿನ ಮನೀಗೆ ಹೋಗ್ರಿ’ ಎಂಬ ಉತ್ತರ. ಕೆಲವರು ಅವನ ಗಾಡಿಯ ಸದ್ದು ಕೇಳಿಯೇ ಕೈ ಅಲ್ಲಾಡಿಸಿಬಿಡುತ್ತಿದ್ದರು. ಪೀಪಾಯಿಯಲ್ಲಿ ತುಂಬಿಟ್ಟ ನೀರಿನಲ್ಲಿ ಸೊಳ್ಳೆಯ ಮರಿ ಇವೆ, ವಾರಕ್ಕೊಮ್ಮೆ ಚೆಲ್ಲಿ ಒಣಗಿಸಿ ಎಂದರೆ ಹೆಂಗಸರು ಸಿಟ್ಟಿಗೇಳುತ್ತಿದ್ದರು. ‘ನಳಕ್ಕ ನೀರು ಎಂಟ ದಿನಕ್ಕೊಮ್ಮೆ ಬರ್ತಾವ್ರಿ. ಚೆಲ್ಲಿ ಏನ್ ಕುಡೀಬೇಕು?’ ಅವನ ಸ್ವಂತ ಮನೆಯಲ್ಲೂ ಪೀಪಾಯಿ ತುಂಬಿಯೇ ಇರುತ್ತಿತ್ತು, ಹೆಂಡತಿ ಕಸ್ತೂರೆವ್ವ ಅದರ ಬಾಯಿಗೆ ಹಳೆಯ ಸೀರೆ ಬಿಗಿದು ಕಟ್ಟಿದ್ದಳು. ಮನೆಮನೆಗೆ ಅದನ್ನೇ ಹೇಳುತ್ತ ಬಂದ: ಚೆಲ್ಲಬೇಡಿ, ಬಟ್ಟೆ ಕಟ್ಟಿ.

ಬಲಗಾಲಿನ ಮೊಣಕಾಲು ಎರಡು ವರ್ಷದಿಂದ ಹಿಡಿದುಕೊಂಡಿತ್ತು. ಗಾಡಿಯಿಂದ ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ಅವನು ಹಲ್ಲು ಕಚ್ಚುತ್ತಿದ್ದ. ನಿವೃತ್ತಿಗೆ ಏಳು ತಿಂಗಳಿದ್ದವು. ಅಷ್ಟು ದಿನ ಸುಮ್ಮನೆ ಕಳೆದುಹೋದರೆ ಸಾಕೆಂದು ಅವನು ಬಯಸಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಅದೇ ವರ್ಷ ಮೇಲಿನಿಂದ ಹೊಸ ಹುರುಪು ಇಳಿದು ಬಂದಿತ್ತು. ದೇಶದಲ್ಲಿ ಮಲೇರಿಯಾ ಎಂಬುದೇ ಇರಬಾರದು, ಅದಕ್ಕೆ ಇಂತಿಷ್ಟನೇ ಇಸವಿ ಎಂದು ಗಡುವು ಇಟ್ಟಿದ್ದರು. ಧಾರವಾಡದಲ್ಲಿ ಎರಡು ದಿನದ ತರಬೇತಿಯಾಯಿತು. ಪರದೆಯ ಮೇಲೆ ಇಡೀ ದೇಶದ ನಕ್ಷೆ ತೋರಿಸಿದರು. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಹಳದಿ, ಉಳಿದದ್ದು ಹಸಿರು. ಒಂದು, ಮೂರು, ಏಳು ಎಂದು ಪಾಠ ಹೇಳಿದರು: ರೋಗಿ ಸಿಕ್ಕ ಒಂದೇ ದಿನದಲ್ಲಿ ವರದಿ ಹೋಗಬೇಕು, ಮೂರು ದಿನದಲ್ಲಿ ರೋಗ ಎಲ್ಲಿಂದ ಬಂತೆಂದು ತನಿಖೆ ಮುಗಿಯಬೇಕು, ಏಳು ದಿನದಲ್ಲಿ ಸುತ್ತಲಿನ ಎಲ್ಲರ ರಕ್ತ ನೋಡಿರಬೇಕು. ರೋಗಿ ಗುಳಿಗೆ ನುಂಗುವುದನ್ನು ಹದಿನಾಲ್ಕು ದಿನ ಎದುರು ನಿಂತು ನೋಡಿ, ದಿನಾ ಮೊಬೈಲಿನಲ್ಲಿ ಗುರುತು ಹಾಕಬೇಕು. ಕೇರಳದ ಕೊನೆಯಿಂದ ಅಸ್ಸಾಮಿನ ತುದಿಯವರೆಗೆ ಎಲ್ಲರೂ ಹೀಗೆಯೇ ಮಾಡುತ್ತಾರೆ, ಒಂದು ಕಡೆ ಒಬ್ಬ ತಪ್ಪಿದರೂ ಎಲ್ಲ ಮೊದಲಿನಿಂದ ಶುರು ಎಂದು ಹೇಳಿದರು. ಮಡಿವಾಳೆಪ್ಪ ಹಿಂದಿನ ಸಾಲಿನಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತ ಕೇಳಿದ. ಚಹದ ಹೊತ್ತಿಗೆ ಪಕ್ಕದವನಿಗೆ, ‘ನಮ್ಮ ಕಡೆ ಈಗ ಯಾರಿಗೈತಿ ಬಿಡ್ರಿ’ ಎಂದ.

ಜೂನ್ ಕೊನೆಯ ವಾರ ಆಶಾ ಕಾರ್ಯಕರ್ತೆ ಹಲೀಮಾಬಿ ಫೋನು ಮಾಡಿದಳು.

‘ಸರ್, ನಮ್ಮೂರ ಹಳ್ಳದ ಬಾಜು ಹೊಲದಾಗ ಕುರಿ ತರಬ್ಯಾರ. ಒಬ್ಬ ಮುದುಕ ಐದಾರು ದಿನದಿಂದ ದಿನ ಬಿಟ್ಟು ದಿನ ನಡಗಾಕತ್ತಾನಂತ. ಕಿಟ್‌ನ್ಯಾಗ ನೋಡೇನಿ. ಎರಡು ಗೆರಿ ಬಂದಾವ್ರಿ.’

ಮಡಿವಾಳೆಪ್ಪ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

‘ಇನ್ನೊಮ್ಮೆ ನೋಡು’ ಎಂದ.

‘ಎರಡು ಸಲ ನೋಡೇನ್ರಿ.’

ಹಿಂಗಾರಿ ಬಿತ್ತನೆಗೆಂದು ಖಾಲಿ ಬಿಟ್ಟ ಹೊಲಗಳಲ್ಲಿ ಕುರಿಗಾರರು ಹಿಂಡು ನಿಲ್ಲಿಸುತ್ತಾರೆ. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗಿ ಹಿಕ್ಕೆ ಹಾಕಿದರೆ ಹೊಲಕ್ಕೆ ಗೊಬ್ಬರ. ಒಂದು ಹೊಲದಲ್ಲಿ ಎರಡು ರಾತ್ರಿ, ಇನ್ನೊಂದರಲ್ಲಿ ಮೂರು, ಹೀಗೆ ಹೊಲದವರು ಕರೆದ ಕಡೆಗೆ ಸಾಗುತ್ತಾರೆ. ಗೂಳಪ್ಪನ ಹಿಂಡಿನಲ್ಲಿ ನೂರಾ ಎಂಬತ್ತು ಕುರಿ, ಎರಡು ನಾಯಿ, ಸಾಮಾನು ಹೊರುವ ಒಂದು ಕುದುರೆ. ಜೊತೆಗೆ ಹೆಂಡತಿ ರೇಣುಕವ್ವ, ತಮ್ಮನ ಸಂಸಾರ, ಎಲ್ಲ ಸೇರಿ ಎಂಟು ಜನ. ಗೂಳಪ್ಪನಿಗೆ ಹೆಚ್ಚುಕಡಿಮೆ ಮಡಿವಾಳೆಪ್ಪನದೇ ವಯಸ್ಸು. ಕಂಬಳಿಯೊಳಗಿಂದ ಮುಖವಷ್ಟೇ ಕಾಣುತ್ತಿತ್ತು, ತುಟಿ ಒಣಗಿ ಬಿಳಿಚಿಕೊಂಡಿತ್ತು.

ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದರು. ವೈದ್ಯಾಧಿಕಾರಿ ಅರುಣಾ ಮೇಡಂ ತೂಕ ನೋಡಿ, ಗಾಜಿನ ಪಟ್ಟಿಗೆ ರಕ್ತ ತೆಗೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಮೊದಲ ಗುಳಿಗೆಗಳನ್ನು ತಮ್ಮೆದುರಿಗೇ ನುಂಗಿಸಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಾಗ ರೇಣುಕವ್ವ ಹೇಳಿದಳು: ಮಗಳು ನೀಲಾ, ಅಳಿಯ ಮಂಗಳೂರಿನ ಕಡೆ ಕಟ್ಟಡದ ಕೆಲಸದಲ್ಲಿದ್ದಾರೆ. ಅವಳಿಗೆ ಹೆರಿಗೆಯಾಗಿತ್ತು. ಗೂಳಪ್ಪ ಮೊಮ್ಮಗಳ ಮುಖ ನೋಡಲು ಹೋಗಿ ಅಲ್ಲಿಯ ಶೆಡ್ಡಿನಲ್ಲಿ ಹನ್ನೆರಡು ದಿನ ಇದ್ದು ಬಂದಿದ್ದ.

‘ಅಂದ್ರ ಹೊರಗಿನಿಂದ ಬಂದ ರೋಗ’ ಎಂದು ಅರುಣಾ ಮೇಡಂ ಕಾಗದದಲ್ಲಿ ಬರೆದುಕೊಂಡರು. ಆಮೇಲೆ ಮಡಿವಾಳೆಪ್ಪನ ಕಡೆ ತಿರುಗಿದರು. ‘ಮೂರು ದಿನಕ್ಕ ಜ್ವರ ಇಳೀತಾವು. ಆದ್ರ ಸಣ್ಣ ಗುಳಿಗಿ ಹದಿನಾಲ್ಕು ದಿನ ಬಿಡದ ನುಂಗಬೇಕು. ಮೂತ್ರ ಕರ್ರಗ ಆದ್ರ ಅವತ್ತ ನಿಲ್ಲಿಸಿ ನನಗ ಫೋನ್ ಮಾಡ್ರಿ. ಅವರು ಒಂದ ಕಡೆ ಇರೂ ಮಂದಿ ಅಲ್ಲ. ನಿಮ್ಮ ಮ್ಯಾಲ ಬಿಡಾಕತ್ತೀನಿ.’

ಮೊಬೈಲಿನಲ್ಲಿ ರೋಗಿಯ ವಿವರ ತುಂಬಲು ಕೂತಾಗ ಮೊದಲ ತೊಡಕು ಬಂತು. ಮನೆ ಸಂಖ್ಯೆ ಕೇಳಿತು. ಗೂಳಪ್ಪನ ಆಧಾರ್ ಕಾರ್ಡು ಕುಂದಗೋಳ ತಾಲ್ಲೂಕಿನದು, ಗುಡಗೇರಿಯ ಹತ್ತಿರದ ಹಳ್ಳಿ. ಅಲ್ಲಿಯ ಮನೆಯಲ್ಲಿ ಅವರು ವರ್ಷಕ್ಕೆ ಒಂದು ತಿಂಗಳೂ ಇರುವುದಿಲ್ಲ. ಅದನ್ನು ಬರೆದರೆ ರೋಗಿ ಕುಂದಗೋಳದ ಲೆಕ್ಕಕ್ಕೆ ಹೋಗುತ್ತಾನೆ, ಅಲ್ಲಿಯವರು ಬೀಗ ಹಾಕಿದ ಮನೆ ನೋಡಿ ಬರುತ್ತಾರೆ. ಮಡಿವಾಳೆಪ್ಪ ಬಹಳ ಹೊತ್ತು ಯೋಚಿಸಿ ತನ್ನ ಹಳ್ಳಿಯ ಹೆಸರು ಹಾಕಿ, ಮನೆ ಸಂಖ್ಯೆಯ ಜಾಗದಲ್ಲಿ ‘ಹೊಲ’ ಎಂದು ಬರೆದ. ಮೊಬೈಲು ಅದನ್ನು ಒಪ್ಪಿಕೊಂಡಿತು.

ಎರಡನೆಯ ದಿನ ಬೆಳಿಗ್ಗೆ ಅವನು ಹೊಲಕ್ಕೆ ಹೋದಾಗ ಗೂಳಪ್ಪ ಎದ್ದು ಕೂತಿದ್ದ. ಹಿಂದಿನ ದಿನ ಮೂರು ದಿನಕ್ಕಾಗುವಷ್ಟು ಗುಳಿಗೆ ಕೊಟ್ಟು ಕಳಿಸಿದ್ದರು. ತೋರಿಸು ಎಂದರೆ ರೇಣುಕವ್ವ ಸೆರಗಿನ ಗಂಟು ಬಿಚ್ಚಿದಳು. ಗುಳಿಗೆಯ ಖಾಲಿ ಹಾಳೆ ಮಾತ್ರ ಇತ್ತು.

‘ಗುಳಿಗಿ ಎಲ್ಲಿ?’

‘ಒಂದು ಕುರಿ ರಾತ್ರಿಯಿಂದ ನಡಗಾಕತ್ತಿತ್ರಿ’ ಎಂದ ಗೂಳಪ್ಪ. ‘ಅದಕ್ಕೂ ನನ್ನ ಜ್ವರಾನ ಬಂದಿರಬೇಕಂತ ಅರದು ಕುಡಿಸೀನಿ. ಈಗ ಹುಲ್ಲು ತಿನ್ನಾಕತ್ತೈತಿ ನೋಡ್ರಿ.’

ಮಡಿವಾಳೆಪ್ಪ ಆ ಕುರಿಯ ಕಡೆ ನೋಡಿದ. ಬಯ್ಯಬೇಕೆನಿಸಿತು, ಆದರೆ ಬಯ್ಯಲೂ ಒಂದು ಶಕ್ತಿ ಬೇಕು. ಗಾಡಿ ತಿರುಗಿಸಿ ಕೇಂದ್ರಕ್ಕೆ ಹೋಗಿ ಬೇರೆ ಗುಳಿಗೆ ತಂದು ನುಂಗಿಸಿದ. ಅಂದಿನಿಂದ ಗುಳಿಗೆ ತನ್ನ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡ. ಅಂದರೆ ಹದಿನಾಲ್ಕು ದಿನವೂ ಅವನೇ ಹೋಗಬೇಕು.

ಮೂರನೆಯ ದಿನದೊಳಗೆ ತನಿಖೆಯ ಕಾಗದ ಮುಗಿಯಿತು. ಉಳಿದ ಏಳು ಜನರ ಬೆರಳು ಚುಚ್ಚಿ ನೋಡಿದ, ಯಾರಿಗೂ ಇರಲಿಲ್ಲ. ಹಲೀಮಾಬಿ ಹಳ್ಳದ ಪಕ್ಕದ ಐವತ್ತು ಮನೆ ತಿರುಗಿದಳು. ಅಲ್ಲೂ ಇರಲಿಲ್ಲ. ಔಷಧ ಹಚ್ಚಿದ ಎರಡು ಸೊಳ್ಳೆ ಪರದೆ ಬಂದವು. ಮಡಿವಾಳೆಪ್ಪ ಅವನ್ನು ಕೊಟ್ಟು, ಹೇಗೆ ಕಟ್ಟಬೇಕೆಂದು ನಾಲ್ಕು ಕೋಲು ನೆಟ್ಟು ತೋರಿಸಿದ. ಮರುದಿನ ಹೋಗಿ ನೋಡಿದರೆ ಒಂದರೊಳಗೆ ಗೂಳಪ್ಪನ ಹಾಸಿಗೆ ಇತ್ತು, ಇನ್ನೊಂದರೊಳಗೆ ಆರು ಕುರಿಮರಿ.

‘ಮರಿಗೂ ಸೊಳ್ಳಿ ಕಡೀತಾವ್ರಿ’ ಎಂದಳು ರೇಣುಕವ್ವ.

ನಾಲ್ಕನೆಯ ದಿನ ಗೂಳಪ್ಪ ಗುಳಿಗೆ ಬೇಡ ಎಂದ. ಜ್ವರ ಇಳಿದಿತ್ತು. ಹಿಂದಿನ ರಾತ್ರಿ ಎರಡು ರೊಟ್ಟಿ ಉಂಡಿದ್ದ. ಕೈಯಲ್ಲಿ ಕೋಲು ಹಿಡಿದು ಹಿಂಡಿನ ಹಿಂದೆ ನಿಂತವನು ಮಡಿವಾಳೆಪ್ಪನನ್ನು ನೋಡಿದ ಕೂಡಲೇ ತಲೆ ಅಲ್ಲಾಡಿಸಿದ.

‘ಆರಾಮ ಆಗೇನ್ರಿ ಸಾಹೇಬ್ರ. ಇನ್ನ ಸಾಕು. ಆ ಗುಳಿಗಿ ತಗೊಂಡ್ರ ಹೊಟ್ಟಿ ತೊಳಸ್ತೈತಿ.’

‘ಉಂಡ ಮ್ಯಾಲ ನುಂಗಪಾ, ತೊಳಸೂದಿಲ್ಲ.’

‘ಜ್ವರ ಇಲ್ಲದವನಿಗೆ ಗುಳಿಗಿ ಯಾಕ್ರಿ?’

ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಣ್ಣದ ಚಿತ್ರವಿರುವ ಹಾಳೆಯನ್ನೂ ಕೊಟ್ಟಿದ್ದರು. ಮಡಿವಾಳೆಪ್ಪ ಅದನ್ನು ಚೀಲದಿಂದ ತೆಗೆಯಲಿಲ್ಲ. ಬದುವಿನ ಮೇಲೆ ಕಾಲು ನೀಡಿ ಕೂತ.

‘ರಕ್ತದಾಗಿನ ಹುಳ ಸತ್ತಾವು. ಆದ್ರ ಒಂದಿಷ್ಟು ಹೋಗಿ ಕಲೀಜದಾಗ, ಲಿವರ್‌ನ್ಯಾಗ, ಅಡಕೊಂಡು ಕುಂತಿರ್ತಾವು. ಎರಡು ತಿಂಗಳಿಗೋ ಆರು ತಿಂಗಳಿಗೋ ಮತ್ತ ಹೊರಗ ಬೀಳ್ತಾವು. ಆಗ ಮತ್ತ ನಡಗತೀದಿ. ನಿನ್ನ ಕಡದ ಸೊಳ್ಳಿ ಬಾಜೂದವರನ್ನ ಕಡದ್ರ ಅವರೂ ನಡಗ್ತಾರ. ಈ ಸಣ್ಣ ಗುಳಿಗಿ ಕಲೀಜದಾಗಿನವಕ್ಕ.’

ಗೂಳಪ್ಪ ಕೋಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದ. ‘ಕಲೀಜದಾಗ?’ ಎಂದ.

‘ಹೂಂ.’

‘ಕುರಿ ಕಲೀಜದಾಗೂ ಹುಳ ಇರ್ತಾವ್ರಿ. ಕೆರಿ ದಂಡಿ ಹುಲ್ಲು ತಿಂದ ಕುರಿಗೆ. ಮ್ಯಾಲ ನೋಡಿದ್ರ ಕುರಿ ಚಂದ ಇರ್ತೈತಿ, ಒಂದಿನ ಗದ್ದದಾಗ ನೀರು ತುಂಬಿ ಬಿದ್ದ ಬಿಡ್ತೈತಿ. ಕೊಯ್ದು ನೋಡಿದ್ರ ಕಲೀಜ ಎಲ್ಲ ತೂತು.’ ಕೋಲನ್ನು ಕಂಕುಳಿಗೆ ಸಿಕ್ಕಿಸಿದ. ‘ಅವಕ್ಕೂ ಔಷಧ ಒಂದ ಸಲ ಹಾಕಿದ್ರ ಸಾಲೂದಿಲ್ಲ’ ಎಂದು ಕೈ ಚಾಚಿದ.

ಅಂದಿನಿಂದ ಬೇಡ ಎನ್ನಲಿಲ್ಲ. ದಿನಾ ನುಂಗುವ ಮುಂಚೆ ಮಡಿವಾಳೆಪ್ಪ, ‘ಉಚ್ಚಿ ಬಣ್ಣ ಹೆಂಗೈತಿ?’ ಎಂದು ಕೇಳುವುದು, ಗೂಳಪ್ಪ, ‘ನೀರ ಇದ್ದಂಗ ಐತ್ರಿ’ ಎನ್ನುವುದು, ರೇಣುಕವ್ವ ಮುಖ ತಿರುಗಿಸಿ ನಗುವುದು, ಇಷ್ಟು ರೂಢಿಯಾಯಿತು.

ಹಿಂಡು ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಐದನೆಯ ದಿನ ಯಮನೂರಿನ ಕಡೆ ಬೆಣ್ಣಿಹಳ್ಳದ ದಂಡೆಗೆ ಹೋಯಿತು. ಏಳನೆಯ ದಿನ ಹಳ್ಳ ದಾಟಿತು. ಅಲ್ಲಿಗೆ ಮಡಿವಾಳೆಪ್ಪನ ಏಳು ಹಳ್ಳಿ ಮುಗಿದವು. ಆ ಕಡೆಯ ನಿರೀಕ್ಷಕನಿಗೆ ಫೋನು ಮಾಡಿದ. ಆತ ಒಳ್ಳೆಯವನೇ, ಹೋಗುತ್ತೇನೆ ಎಂದ, ಹೋಗಿಯೂ ಇದ್ದ. ‘ಆ ಹೊಲಕ್ಕ ಹೋದ್ರ ಬರೇ ಹಿಕ್ಕಿ ಅದಾವು ನೋಡ್ರಿ. ಕುರಿ ಎತ್ತ ಹೋದ್ವೋ ಯಾರಿಗೂ ಗೊತ್ತಿಲ್ಲ. ನನಗೂ ಒಂಬತ್ತು ಹಳ್ಳಿ ಅದಾವು’ ಎಂದು ಸಂಜೆ ಫೋನು ಮಾಡಿದ. ಗೂಳಪ್ಪನ ಬಳಿ ಗುಂಡಿಯ ಮೊಬೈಲು ಒಂದಿತ್ತು. ಯಾರದೋ ಪಂಪ್‌ಸೆಟ್ಟಿನ ಮನೆಯಲ್ಲಿ ಚಾರ್ಜು ಮಾಡಿದ ದಿನ ಹತ್ತುತ್ತಿತ್ತು, ಉಳಿದ ದಿನ ಇಲ್ಲ. ಮಡಿವಾಳೆಪ್ಪ ಆ ಸಂಜೆ ತಾನೇ ಹೊರಟು, ದಾರಿಯಲ್ಲಿ ಸಿಕ್ಕ ಟ್ರ್ಯಾಕ್ಟರಿನವರನ್ನು, ಕಳೆ ತೆಗೆದು ಬರುವ ಹೆಂಗಸರನ್ನು ಕೇಳುತ್ತ ಹೋಗಿ ಹಿಂಡು ಹುಡುಕಿದ. ಆಮೇಲೆ ಬೇರೆಯವರಿಗೆ ಫೋನು ಮಾಡುವುದನ್ನು ಬಿಟ್ಟ. ತಾನೇ ಹೋಗುವುದು ಅದಕ್ಕಿಂತ ಹಗುರ ಎನಿಸಿತು.

ಬೆಳಿಗ್ಗೆ ತನ್ನ ಹಳ್ಳಿಗಳ ಕೆಲಸ, ಮಧ್ಯಾಹ್ನದ ಮೇಲೆ ಹಿಂಡಿನ ಹುಡುಕಾಟ. ಮನೆಗೆ ಬಂದರೆ ಕಸ್ತೂರೆವ್ವ ಬಿಸಿನೀರಿನ ಪಾತ್ರೆ ಮುಂದಿಟ್ಟು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

‘ಒಬ್ಬಾವನ ಸಲುವಾಗಿ ಇಷ್ಟ ತಿರಗಬೇಕೇನ್ರಿ?’ ಎಂದಳು ಒಂದು ದಿನ.

‘ಒಬ್ಬಾವನ ಉಳದಾನ, ಅದಕ್ಕ’ ಎಂದ. ‘ಮೊದಲ ಐವತ್ತು ಮಂದಿ ಇದ್ದಾಗ ಒಬ್ಬಾವ ತಪ್ಪಿದ್ರ ಯಾರೂ ಕೇಳ್ತಿದ್ದಿಲ್ಲ.’

ಹಾಗೆ ಹೇಳಿದನಾದರೂ ಅದನ್ನು ತಾನೇ ಪೂರ್ತಿ ನಂಬಿದಂತಿರಲಿಲ್ಲ. ಅಷ್ಟು ದೊಡ್ಡ ದೇಶದ ನಕ್ಷೆಯಲ್ಲಿ ಒಬ್ಬ ಕುರಿಗಾರನ ಎರಡು ಗುಳಿಗೆ ಎಲ್ಲಿ ಕಾಣಿಸುತ್ತವೆ ಎಂದು ಕಣ್ಣು ಮುಚ್ಚಿದಾಗ ಅನಿಸುತ್ತಿತ್ತು. ನಿದ್ದೆ ಬಂದರೆ ಅದೂ ಮರೆಯುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಜೋರು ಮಳೆ ಹಿಡಿಯಿತು. ಎರೆಮಣ್ಣಿನ ಸೀಮೆಯಲ್ಲಿ ಮಳೆ ಬಿದ್ದರೆ ದಾರಿ ಎಂಬುದು ಇರುವುದಿಲ್ಲ. ಹಿಂಡು ಅಣ್ಣಿಗೇರಿಯ ಕಡೆ ಹೋಗಿದೆ ಎಂದಷ್ಟೇ ಗೊತ್ತಿತ್ತು. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದ ಇನ್ನೂರು ಮಾರಿಗೇ ಗಾಡಿಯ ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ಕಲ್ಲಿನಂತೆ ಗಿಡಿದುಕೊಂಡಿತು. ಕಡ್ಡಿಯಿಂದ ಕೆದರಿ ತೆಗೆದ. ಹತ್ತು ಹೆಜ್ಜೆ ಹೋಗುವುದರೊಳಗೆ ಮತ್ತೆ ತುಂಬಿತು. ಗಾಡಿ ಅಲ್ಲೇ ನಿಲ್ಲಿಸಿ ನಡೆದ. ಚಪ್ಪಲಿಗೆ ಅಂಟಿದ ಮಣ್ಣು ಒಂದೊಂದು ಸೇರಿನ ತೂಕವಾಯಿತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದ. ಬದು ದಾಟುವಾಗ ಮೊಣಕಾಲು ಸರಕ್ಕನೆ ತಿರುಗಿ ಕೆಳಗೆ ಕೂತುಬಿಟ್ಟ. ಗೂಳಪ್ಪನ ಮೊಬೈಲಿಗೆ ಹಚ್ಚಿದ, ಬಂದಾಗಿತ್ತು. ಸುತ್ತ ಎತ್ತ ನೋಡಿದರೂ ನೆಂದ ಕಪ್ಪು ಹೊಲ, ಕುರಿಯ ದನಿ ಎಲ್ಲೂ ಇಲ್ಲ. ಅರ್ಧ ಗಂಟೆ ಹಾಗೇ ಮಳೆಯಲ್ಲಿ ಕೂತಿದ್ದು, ಆಮೇಲೆ ಕುಂಟುತ್ತ ತಿರುಗಿ ಗಾಡಿಯ ಕಡೆ ನಡೆದ.

ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಾಗ ತಾಲ್ಲೂಕಿನಿಂದ ಫೋನು ಬಂತು. ‘ಇವತ್ತಿಂದು ಇನ್ನೂ ತುಂಬಿಲ್ರಿ, ಕೆಂಪು ತೋರ್ಸಾಕತ್ತೈತಿ’ ಎಂದಿತು ಆ ಕಡೆಯ ದನಿ.

‘ತುಂಬ್ತೀನ್ರಿ’ ಎಂದ.

ಮೊಬೈಲು ತೆರೆದ. ಒಂಬತ್ತನೆಯ ದಿನ ಗುಳಿಗೆ ನುಂಗಿದ್ದಾರೆಯೇ? ಹೌದು, ಇಲ್ಲ. ಇಲ್ಲ ಎಂದು ಒತ್ತಿದರೆ ಕಾರಣ ಕೇಳುತ್ತದೆ, ಕಾರಣ ಬರೆದರೆ ನಾಳೆ ಮೂವರು ಫೋನು ಮಾಡುತ್ತಾರೆ, ಅವರಿಗೆಲ್ಲ ಎರೆಮಣ್ಣು ಎಂದರೇನು ಎಂದು ಹೇಳಬೇಕಾಗುತ್ತದೆ. ಅವನು ಹೌದು ಎಂದು ಒತ್ತಿದ. ಚೌಕ ಹಸಿರಾಯಿತು. ಒದ್ದೆ ಅಂಗಿಯ ಕಿಸೆಯಲ್ಲಿ ಆ ದಿನದ ಎರಡು ಗುಳಿಗೆ ಹಾಗೇ ಇದ್ದವು. ಮೂವತ್ತಮೂರು ವರ್ಷದಲ್ಲಿ ಹೋಗದ ಮನೆಗೆ ಹೋಗಿದ್ದೇನೆಂದು ಅವನು ಒಮ್ಮೆಯೂ ಬರೆದಿರಲಿಲ್ಲ ಎಂದೇನಲ್ಲ. ಆದರೆ ಆಗ ಆ ಮನೆಯಲ್ಲಿ ರೋಗವಿರಲಿಲ್ಲ. ಆ ದಿನ ಅವನು ಊಟ ಸಾಕೆಂದು ಬೇಗ ಎದ್ದ.

ಮರುದಿನ ಬೆಳಿಗ್ಗೆಯೇ ಹೊರಟ. ಅಣ್ಣಿಗೇರಿಯ ರಸ್ತೆಗೆ ಅಂಟಿಕೊಂಡಂತಿದ್ದ ಹೊಲದಲ್ಲಿ ಹಿಂಡು ಸಿಕ್ಕಿತು. ಗೂಳಪ್ಪ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ.

‘ನಿನ್ನೆ ಯಾಕ ಬರಲಿಲ್ರಿ?’ ಎಂದ.

‘ಬಂದಿದ್ನಿ. ಕೆಸರಾಗ ಗಾಡಿ ನಿಂತ ಬಿಡ್ತು.’

ರೇಣುಕವ್ವ ಹಿಂದಿನಿಂದ ಬಂದಳು. ‘ಇವರು ನಿನ್ನೆ ಇಲ್ಲಿಂದ ಅಳ್ಳಾಡಲಿಲ್ರಿ. ಮುಂದಿನ ಹೊಲದ ಗೌಡ್ರು ಎರಡು ಸಲ ಹೇಳಿ ಕಳಿಸ್ಯಾರ. ಒಳಗಿನ ಹೊಲಕ್ಕ ಹೋದ್ರ ಸಾಹೇಬ್ರಿಗೆ ದಾರಿ ಸಿಗೂದಿಲ್ಲ, ರಸ್ತಾದ ಬಾಜುನ ಇರೂಣು ಅಂತ ಹಿಂಡು ಇಲ್ಲೇ ನಿಲ್ಲಿಸಿದ್ರು. ಗೌಡ್ರು ಸಿಟ್ಟಿಗೆದ್ದು ಬ್ಯಾರೆ ಹಿಂಡು ಕರಸ್ಯಾರ.’

ಮಡಿವಾಳೆಪ್ಪ ಆ ಕಲ್ಲಿನ ಕಡೆ ನೋಡಿದ. ಈ ಮುದುಕ ಮಳೆಯಲ್ಲಿ ಕಂಬಳಿ ಹೊದ್ದು ಇದೇ ಕಲ್ಲಿನ ಮೇಲೆ ಸಂಜೆಯವರೆಗೆ ಕೂತಿದ್ದಾನೆ. ತಾನು ಅದಕ್ಕೆ ಸರಿಯಾದ ಹೊತ್ತಿನಲ್ಲಿ, ಮನೆಯಲ್ಲಿ ಕೂತು, ಅವನು ನುಂಗಿದ ಎಂದು ಒತ್ತಿದ್ದಾನೆ. ಇಲ್ಲಿಂದ ತನ್ನ ಗಾಡಿ ನಿಂತ ಜಾಗ ಎರಡು ಮೈಲೂ ಇರಲಿಲ್ಲ.

‘ಉಚ್ಚಿ ನೀರ ಇದ್ದಂಗ ಐತ್ರಿ’ ಎಂದು ಗೂಳಪ್ಪ ಕೇಳುವ ಮುಂಚೆಯೇ ಹೇಳಿ ಕೈ ಚಾಚಿದ.

ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಮಳೆ ಬಿಡುವು ಕೊಟ್ಟಿತು. ಹಿಂಡು ಮೂಡಣಕ್ಕೆ ಸರಿಯುತ್ತ ಹೋಯಿತು, ಆದರೆ ಎಲ್ಲಿ ನಿಂತರೂ ಡಾಂಬರು ರಸ್ತೆಯಿಂದ ಕಾಣುವಂತೆ ನಿಂತಿತು. ಹದಿನಾಲ್ಕನೆಯ ದಿನದ ಚೌಕ ಹಸಿರಾದ ಕೂಡಲೇ ಮೊಬೈಲಿನಲ್ಲಿ ‘ಚಿಕಿತ್ಸೆ ಪೂರ್ಣ’ ಎಂದು ಬಂದು ರೋಗಿಯ ಪುಟ ಮುಚ್ಚಿಕೊಂಡಿತು. ಮರುದಿನದ ಸಭೆಯಲ್ಲಿ ಇದರ ಮಾತು ಬರುತ್ತದೆ, ನೀವೂ ಇರಿ ಎಂದು ತಾಲ್ಲೂಕಿನವರು ಹೇಳಿದ್ದರು.

ಸಭೆಯ ದಿನ ಬೆಳಿಗ್ಗೆ ಮಡಿವಾಳೆಪ್ಪ ಅರುಣಾ ಮೇಡಂ ಅವರ ಕೋಣೆಗೆ ಹೋಗಿ ಬಾಗಿಲ ಬಳಿ ನಿಂತ.

‘ಒಂಬತ್ತನೇ ದಿನದ್ದು ನಾ ಸುಳ್ಳ ಹಾಕೀನ್ರಿ ಮೇಡಂ. ಅವತ್ತ ಅವಾ ನನಗ ಸಿಕ್ಕಿಲ್ಲ.’

ಅರುಣಾ ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಅವರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. ಈ ಮನುಷ್ಯ ನೌಕರಿಗೆ ಸೇರಿದಾಗ ಅವರು ಹುಟ್ಟಿರಲಿಲ್ಲ.

‘ಈಗ ಯಾಕ ಹೇಳಾಕತ್ತೀರಿ?’

‘ಒಂದು ದಿನದ ಗುಳಿಗಿ ಉಳದೈತಿ. ಹದಿನೈದನೇ ದಿನಕ್ಕ ಕೊಟ್ರ ನಡೀತೈತೇನ್ರಿ?’

‘ಒಂದ ದಿನ ತಪ್ಪಿದ್ರ ಮುಂದ ಒಂದ ದಿನ ಕೊಡಬೇಕು. ಕೊಡ್ರಿ.’ ಮತ್ತೆ ಕೇಳಿದರು. ‘ಅದನ್ನ ಎಲ್ಲಿ ಬರೀತೀರಿ? ಪುಟ ಮುಚ್ಚೇತಲ್ಲ.’

‘ಎಲ್ಲೂ ಜಾಗಾ ಇಲ್ರಿ.’

ಅವರು ಮೇಜಿನ ಖಾನೆಯಿಂದ ಗೂಳಪ್ಪನ ಕಾಗದದ ಚೀಟಿ ಹುಡುಕಿ ತೆಗೆದು ಅವನ ಮುಂದಿಟ್ಟರು. ಮಡಿವಾಳೆಪ್ಪ ಅದರ ಅಂಚಿನಲ್ಲಿ ಬರೆದ: ಒಂಬತ್ತನೆಯ ದಿನ ಕೊಟ್ಟಿಲ್ಲ, ಹದಿನೈದನೆಯ ದಿನ ಕೊಡಲಾಗುವುದು. ಕೆಳಗೆ ಸಹಿ ಮಾಡಿದ. ಅರುಣಾ ಮೇಡಂ ತಮ್ಮ ಸಹಿಯನ್ನೂ ಹಾಕಿದರು. ‘ಸಭಾಕ್ಕ ನಾ ಹೋಗ್ತೀನಿ. ಕೇಳಿದ್ರ ಇದ್ದದ್ದ ಹೇಳ್ತೀನಿ’ ಎಂದರು.

ಹಿಂಡು ಆ ದಿನ ಗದಗ ಜಿಲ್ಲೆಯ ಗಡಿ ಮುಟ್ಟಿತ್ತು. ಮಡಿವಾಳೆಪ್ಪ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಗೂಳಪ್ಪ ಅವನನ್ನು ನೋಡಿ ಅಚ್ಚರಿಪಟ್ಟ.

‘ನಿನ್ನೆಗೆ ಮುಗೀತು ಅಂದಿದ್ರೆಲ್ರಿ?’

‘ಒಂದು ಉಳದೈತಿ. ಅವತ್ತ ಮಳ್ಯಾಗ ನಿನಗ ಕೊಟ್ಟಿಲ್ಲ, ಅದು.’ ಎಂದವನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ‘ಅವತ್ತ ನೀ ನುಂಗೀದಿ ಅಂತ ನಾ ಮೊಬೈಲ್‌ನ್ಯಾಗ ಹಾಕಿಬಿಟ್ಟಿದ್ನಿ.’

ಗೂಳಪ್ಪ ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದ. ‘ನಾನೂ ನಿಮಗ ಸುಳ್ಳ ಹೇಳೀನ್ರಿ’ ಎಂದ. ‘ಏಳನೇ ದಿನದ್ದು ವಾಂತಿ ಆಗಿತ್ತು. ನೀವು ಅಷ್ಟು ದೂರ ಬಂದಿದ್ರಿ, ಮತ್ತ ತಿರಗಿ ಬರ್ತೀರಂತ ಹೇಳಲಿಲ್ಲ.’

ಮಡಿವಾಳೆಪ್ಪ ಅಲ್ಲಿಂದಲೇ ಅರುಣಾ ಮೇಡಂಗೆ ಫೋನು ಹಚ್ಚಿ ಕೇಳಿದ. ಅವರು, ನಾಳೆಯೂ ಒಂದು ದಿನ ಕೊಡಿ ಎಂದರು.

ರೇಣುಕವ್ವ ಬುಟ್ಟಿಯಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಎದುರಿಗಿಟ್ಟಳು. ಮೂವರೂ ಬನ್ನಿಗಿಡದ ನೆರಳಿನಲ್ಲಿ ಕೂತು ಉಂಡರು. ಉಂಡಮೇಲೆ ಗೂಳಪ್ಪ ಗುಳಿಗೆ ನುಂಗಿದ, ಮಡಿವಾಳೆಪ್ಪ ಕಂಬಳಿಯ ಮೇಲೆ ಅಡ್ಡಾದ. ಎದ್ದಾಗ ಬಿಸಿಲು ಇಳಿದಿತ್ತು, ಯಾರೋ ಅವನ ಮುಖಕ್ಕೆ ಸೊಳ್ಳೆ ಪರದೆಯ ಒಂದು ತುದಿ ಹೊದಿಸಿದ್ದರು. ಅದಕ್ಕೆ ಕುರಿಮರಿಯ ವಾಸನೆಯಿತ್ತು.

ಹದಿನಾರನೆಯ ದಿನವೂ ಹೋಗಿ ಬಂದ. ತಿಂಗಳಾದ ಮೇಲೆ ಬೆರಳು ಚುಚ್ಚಿ ನೋಡಿದರು, ರಕ್ತದಲ್ಲಿ ಏನೂ ಇರಲಿಲ್ಲ. ರೋಗ ಹೊರಗಿನಿಂದ ಬಂದದ್ದಾದ್ದರಿಂದ ನಕ್ಷೆಯಲ್ಲಿ ತಾಲ್ಲೂಕಿನ ಹಸಿರು ಹಸಿರಾಗಿಯೇ ಉಳಿಯಿತು. ಚೀಟಿಯ ಅಂಚಿನ ಬರಹವನ್ನು ಯಾರೂ ಕೇಳಲಿಲ್ಲ.

ಜನವರಿ ಕೊನೆಗೆ ಮಡಿವಾಳೆಪ್ಪ ನಿವೃತ್ತನಾದ. ಶಾಲು ಹೊದಿಸಿ ಹಾರ ಹಾಕಿದರು. ಅವನ ಜಾಗಕ್ಕೆ ಹೊಸಬರು ಬರಲಿಲ್ಲ. ಏಳು ಹಳ್ಳಿಯನ್ನು ಹಳ್ಳದಾಚೆಯ ಒಂಬತ್ತು ಹಳ್ಳಿಯವನಿಗೇ ಸೇರಿಸಿದರು. ಹಲೀಮಾಬಿ ಮೊದಲಿನಂತೆ ಮನೆಮನೆ ತಿರುಗುತ್ತಿದ್ದಳು.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಗೂಳಪ್ಪನ ಫೋನು ಬಂತು. ಹಿಂಡು ಭತ್ತದ ಕೊಯ್ಲು ಮುಗಿದ ಗದ್ದೆಗಳಿಗೆಂದು ಪಡುವಣಕ್ಕೆ, ಕಲಘಟಗಿಯನ್ನೂ ದಾಟಿ ಕಾಡಿನ ಅಂಚಿಗೆ ಹೋಗಿತ್ತು.

‘ಸಾಹೇಬ್ರ, ನಮ್ಮ ಬಾಜು ಇನ್ನೊಂದು ಹಿಂಡು ಐತಿ. ಅವರಾಗ ಮೂರು ಮಂದಿಗೆ ಜ್ವರ. ನಡಗತೈತೇನು ಅಂತ ಕೇಳೀನಿ, ಹೂಂ ಅಂತಾರ. ಬೆರಳು ಚುಚ್ಚವರು ಯಾರೂ ಇಲ್ಲಿ ಬಂದಿಲ್ಲ. ಯಾರಿಗೆ ಹೇಳಬೇಕ್ರಿ?’

‘ನಂದು ನೌಕರಿ ಮುಗೀತು ಗೂಳಪ್ಪ.’

‘ಹೌದ್ರಿ? ಮತ್ತ ಯಾರಿಗೆ ಹೇಳಲಿ?’

ಮಡಿವಾಳೆಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದ. ಅಲ್ಲೇ ಕೂತು ಫೋನ್ ನಂಬರಿನ ಹಳೆಯ ಪುಸ್ತಕ ತರಿಸಿಕೊಂಡು ಫೋನು ಹಚ್ಚತೊಡಗಿದ. ಮೊದಲನೆಯವರಿಗೆ ವರ್ಗವಾಗಿತ್ತು. ಎರಡನೆಯವರು ರಜೆಯಲ್ಲಿದ್ದರು. ಮೂರನೆಯವರು ಅದು ತಮ್ಮ ಹದ್ದಿಗೆ ಬರುವುದಿಲ್ಲವೆಂದು ಇನ್ನೊಂದು ನಂಬರು ಕೊಟ್ಟರು. ಒಂದು ತಾಸು ಹೀಗೇ ಹೋಯಿತು. ಕೊನೆಗೆ ಯಾರೋ ಒಬ್ಬ ಹೆಣ್ಣುಮಗಳು ಎತ್ತಿದಳು. ಆ ಕಡೆಯ ಆಶಾ ಕಾರ್ಯಕರ್ತೆ, ಹೆಸರು ಮಲ್ಲಮ್ಮ. ಯಾವ ಗದ್ದೆ, ಯಾವ ದಾರಿ ಎಂದೆಲ್ಲ ಕೇಳಿಕೊಂಡು, ‘ನಡದ ಹೋಗಬೇಕ್ರಿ, ಸಂಜೀ ಆಗ್ತೈತಿ’ ಎಂದಳು. ದನಿಯಲ್ಲಿ ಆಗಲೇ ಆಯಾಸವಿತ್ತು. ಮಡಿವಾಳೆಪ್ಪನಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು.

‘ರಸ್ತಾದಿಂದ ಕಾಣೂ ಹಂಗ ನಿಂದ್ರಾಕ ಹೇಳ್ತೀನವ್ವಾ’ ಎಂದ.

ಮರುದಿನ ಅವಳೇ ಫೋನು ಮಾಡಿದಳು. ಹೋಗಿ ಬಂದೆ, ಇಬ್ಬರಿಗೆ ಇಲ್ಲ, ಒಬ್ಬನಿಗೆ ಇದೆ, ಗುಳಿಗೆ ಶುರು ಮಾಡಿದ್ದೇವೆ ಎಂದಳು. ಗುಳಿಗೆ ಅವರ ಕೈಗೆ ಕೊಡಬೇಡ, ನಿನ್ನ ಹತ್ತಿರವೇ ಇಟ್ಟುಕೋ ಎಂದು ಅವನು ಹೇಳಿದ. ಯಾಕೆಂದು ಅವಳು ಕೇಳಿದಳು. ಗೂಳಪ್ಪ ಗುಳಿಗೆ ಅರೆದು ಕುರಿಗೆ ಕುಡಿಸಿದ್ದನ್ನು ಅವನು ಹೇಳಿದ. ಆ ಕಡೆ ಅವಳು ನಕ್ಕಳು, ಇನ್ನೂ ಹದಿಮೂರು ದಿನ ಹೋಗಬೇಕಲ್ಲ ಎಂದು ಉಸಿರು ಬಿಟ್ಟಳು, ಬಸ್ಸು ಬಂತೆಂದು ಫೋನು ಇಟ್ಟಳು.